ಸ್ತನಚ್ಛೇದನದ ವರದಿಗಳಲ್ಲಿ ‘ಅಧಿಕ ಅಪಾಯದ ಲಕ್ಷಣಗಳು’: ಒಂದು ಆಕರವಿಮರ್ಶೆ

ಅಮೆರಿಕದಲ್ಲಿ ವೈದ್ಯವೃತ್ತಿಯಲ್ಲಿರುವ ಸಿದ್ಧಾರ್ಥ ಮುಖರ್ಜಿಯವರ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ ಎಂಬ ಬೃಹದ್ಗ್ರಂಥವು ೨೦೧೦ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಬಹುಮಾನವನ್ನು ಪಡೆದು, ಕ್ಯಾನ್ಸರ್ ರೋಗದ ಚರಿತ್ರೆಯೆಂದರೆ ಇದೇ ಎಂಬಷ್ಟು ಪ್ರಸಿದ್ಧವಾಗಿದೆ. ವೈದ್ಯರು ಬರೆದ ಗ್ರಂಥವನ್ನು ಚರಿತ್ರೆಯ ಅಧ್ಯಾಪಕನು ಪರೀಕ್ಷಿಸಹೊರಡುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಗ್ರಂಥಕರ್ತರು ತಮ್ಮ ಕೃತಿಯನ್ನು ಆ ರೋಗದ ಜೀವನಚರಿತ್ರೆಯೆಂದು ತಾವೇ ಕರೆದಿರುವುದರಿಂದ, ಚರಿತ್ರೆಗೆ ಸಲ್ಲುವ ಆಕರವಿಮರ್ಶೆಯ ನಿಯಮಗಳು ಅದಕ್ಕೂ ಸಲ್ಲತಕ್ಕವು. ಪ್ರಕೃತ ಲೇಖನದಲ್ಲಿ ಆ ಗ್ರಂಥದ ಒಂದು ಪ್ರಕರಣವನ್ನು ಮಾತ್ರ ತೆಗೆದುಕೊಂಡು, ಅಲ್ಲಿಂದ ನಮ್ಮ ದೇಶದ ಆಸ್ಪತ್ರೆಗಳ ಅಧ್ಯಯನಗಳಲ್ಲಿ ಪದೇ ಪದೇ ಕಾಣುವ ಒಂದು ಮಾತಿಗೆ ಬರುತ್ತೇನೆ. ಸ್ತನಚ್ಛೇದನಕ್ಕೆ ಒಳಗಾದ ರೋಗಿಗಳ ಗಡ್ಡೆಗಳಲ್ಲಿ ‘ಅಧಿಕ ಅಪಾಯದ ಲಕ್ಷಣಗಳು’ ಹೆಚ್ಚಾಗಿ ಕಂಡುಬಂದವು ಎಂಬುದೇ ಆ ಮಾತು. ಅದು ಸುಳ್ಳಲ್ಲ. ಆದರೆ ಅದು ಯಾವುದರ ಸಾಕ್ಷ್ಯವೆಂಬುದನ್ನು ವಿಚಾರಿಸದೆ ಸಾಕ್ಷ್ಯವಾಗಿ ಬಳಸಿಕೊಳ್ಳುವುದು ಸಮಂಜಸವಲ್ಲ.

ಮುಖರ್ಜಿಯವರು ಗ್ರಂಥದ ಕೊನೆಯಲ್ಲಿ ಒಂದು ಕಲ್ಪನೆಯನ್ನು ಮಾಡಿರುವರು. ಪರ್ಷಿಯದ ಅರಸ ಡೇರಿಯಸನ ರಾಣಿ ಅಟೋಸಾ ಎಂಬವಳಿಗೆ ಸ್ತನದಲ್ಲಿ ಗಡ್ಡೆಯಾಗಿತ್ತೆಂದು ಗ್ರೀಕ್ ಚರಿತ್ರಕಾರ ಹೆರೊಡೊಟಸನು ತನ್ನ ಮೂರನೆಯ ಪುಸ್ತಕದಲ್ಲಿ ಬರೆದಿದ್ದಾನೆ. ಆ ರಾಣಿಯನ್ನು ಅದೇ ಗಡ್ಡೆಯೊಡನೆ ಶತಮಾನದಿಂದ ಶತಮಾನಕ್ಕೆ ಕರೆದುಕೊಂಡು ಹೋದರೆ ಅವಳ ಗತಿ ಏನಾಗುತ್ತಿತ್ತೆಂಬುದೇ ಆ ಕಲ್ಪನೆ. ಪ್ರಾಚೀನ ಈಜಿಪ್ಟಿನಲ್ಲಿ ಅವಳಿಗೆ ಚಿಕಿತ್ಸೆಯಿಲ್ಲ. ಗೇಲನನ ಕಾಲದಲ್ಲಿ ಅದು ಕರಿಪಿತ್ತದ ದೋಷ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಲ್ಟಿಮೋರಿನ ಹಾಲ್‌ಸ್ಟೆಡನ ಕೈಯಲ್ಲಿ ದೊಡ್ಡ ಶಸ್ತ್ರಕ್ರಿಯೆ. ಇಪ್ಪತ್ತನೆಯ ಶತಮಾನ ಕಳೆದಂತೆ ಕಿರಿದಾದ ಶಸ್ತ್ರಕ್ರಿಯೆ, ವಿಕಿರಣ, ಔಷಧಗಳು, ಕೊನೆಗೆ ವಂಶವಾಹಿಗಳ ಪರೀಕ್ಷೆ. ಕಲ್ಪನೆ ಸೊಗಸಾಗಿದೆ, ಓದುಗನ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಇದರಲ್ಲಿ ಒಂದು ದೋಷವುಂಟು. ರಾಣಿಯು ಕಾಲದಲ್ಲಿ ಸಂಚರಿಸುತ್ತಾಳೆಯೇ ಹೊರತು ದೇಶದಲ್ಲಿ ಸಂಚರಿಸುವುದಿಲ್ಲ. ಯಾವ ಯುಗಕ್ಕೆ ಹೋದರೂ ಆ ಯುಗದ ಅತ್ಯುತ್ತಮ ವೈದ್ಯನ ಮನೆಬಾಗಿಲಲ್ಲಿಯೇ ಅವಳು ಇಳಿಯುತ್ತಾಳೆ. ಅದೇ ರಾಣಿಯನ್ನು ಇಂದಿನ ದಿನದಲ್ಲಿಯೇ ಇರಿಸಿ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಇಳಿಸಿದ್ದರೆ ಗ್ರಂಥಕರ್ತರು ಬೇರೆ ಅಧ್ಯಾಯವನ್ನು ಬರೆಯಬೇಕಾಗುತ್ತಿತ್ತು.

ಮೂಲವನ್ನು ನೋಡಿದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಗ್ರೀಕ್ ವೈದ್ಯ ಡೆಮೊಸಿಡಿಸನು ಗಡ್ಡೆಯನ್ನು ಕತ್ತರಿಸಿ ತೆಗೆದನೆಂದು ಮುಖರ್ಜಿಯವರು ಬರೆದಿರುವರು. ಹೆರೊಡೊಟಸನು ಹೇಳುವುದು ಗುಣಪಡಿಸಿದನೆಂದು ಮಾತ್ರ. ಶಸ್ತ್ರದ ಮಾತೇ ಅಲ್ಲಿಲ್ಲ. ಒಡೆದು ಹರಡುತ್ತಿದ್ದ ವ್ರಣವೊಂದು ಆ ಕಾಲದ ಚಿಕಿತ್ಸೆಯಿಂದ ವಾಸಿಯಾಯಿತೆಂದರೆ ಅದು ಕ್ಯಾನ್ಸರೇ ಆಗಿತ್ತೆ, ಬರಿಯ ಬಾವಾಗಿತ್ತೆ ಎಂದು ಸಂಶಯಪಡುವುದಕ್ಕೆ ಅವಕಾಶವಿದೆ. ಇದೇ ಬಗೆಯ ಎಚ್ಚರಿಕೆಯನ್ನು ನಮ್ಮವರೂ ವಹಿಸಬೇಕಾಗಿದೆ. ಸುಶ್ರುತಸಂಹಿತೆಯ ‘ಅರ್ಬುದ’ವನ್ನು ಕಂಡೊಡನೆ ಅದೇ ಇಂದಿನ ಕ್ಯಾನ್ಸರ್ ಎಂದು ಸಾರುವ ಲೇಖನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅರ್ಬುದವು ನಿಧಾನವಾಗಿ ಬೆಳೆಯತಕ್ಕದ್ದು, ಕೀವಾಗದುದು, ಶೇಷವುಳಿದರೆ ಮತ್ತೆ ಹುಟ್ಟತಕ್ಕದ್ದು ಎಂದು ಆ ಗ್ರಂಥ ಹೇಳುವುದು ನಿಜ. ಅದರಲ್ಲಿ ಕ್ಯಾನ್ಸರುಗಳೂ ಸೇರಿದ್ದಿರಬೇಕು, ಕ್ಯಾನ್ಸರಲ್ಲದವೂ ಸೇರಿದ್ದಿರಬೇಕು. ‘ಏಡಿಗಂತಿ’ ಎಂಬ ನಮ್ಮ ಪುಸ್ತಕಗಳ ಮಾತಾದರೋ ಗ್ರೀಕರ ಏಡಿಯ ಹೆಸರನ್ನು ಅನುಸರಿಸಿ ಕಟ್ಟಿದುದು. ಜನರ ಬಾಯಲ್ಲಿರುವುದು ‘ಗಂಟು’, ‘ಗಡ್ಡೆ’ ಎಂಬಷ್ಟೇ.

ಹೆರೊಡೊಟಸನ ಆ ಕೆಲವೇ ಪಂಕ್ತಿಗಳಲ್ಲಿ ಚರಿತ್ರಕಾರನಿಗೆ ನಿಜವಾಗಿ ಬೆಲೆಯುಳ್ಳ ಅಂಶ ಬೇರೊಂದಿದೆ. ಗಡ್ಡೆ ಚಿಕ್ಕದಾಗಿದ್ದಷ್ಟು ದಿನ ರಾಣಿಯು ನಾಚಿಕೆಯಿಂದ ಅದನ್ನು ಯಾರಿಗೂ ತಿಳಿಸದೆ ಮುಚ್ಚಿಟ್ಟುಕೊಂಡಿದ್ದಳು. ಉಲ್ಬಣವಾದ ಮೇಲೆ ವೈದ್ಯನನ್ನು ಕರೆಸಿದಳು. ಈ ಪ್ರಸಂಗದಲ್ಲಿ ಗಡ್ಡೆಯ ಗಾತ್ರ ಮತ್ತು ವ್ಯಾಪ್ತಿಗಳನ್ನು ನಿರ್ಣಯಿಸಿದುದು ಗಡ್ಡೆಯ ಸ್ವಭಾವವೊಂದೇ ಅಲ್ಲ; ರಾಣಿಯ ಮೌನವೂ ಹೌದು. ಮುಂದೆ ಹೇಳತಕ್ಕುದೆಲ್ಲ ಈ ಭೇದವನ್ನೇ ಕುರಿತದ್ದು.

ಹಾಲ್‌ಸ್ಟೆಡನಿಂದ ಫಿಷರನವರೆಗಿನ ಭಾಗವು ಮುಖರ್ಜಿಯವರ ಗ್ರಂಥದಲ್ಲಿ ಅತ್ಯಂತ ಸಮರ್ಥವಾದುದು. ಅದನ್ನು ಮೆಚ್ಚದಿರುವುದು ಅನ್ಯಾಯ. ವಿಲಿಯಂ ಹಾಲ್‌ಸ್ಟೆಡನು ೧೮೯೪ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ೫೦ ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಸ್ತನದೊಡನೆ ಎದೆಯ ಸ್ನಾಯುವನ್ನೂ ಕಂಕುಳಿನ ದುಗ್ಧರಸಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಪದ್ಧತಿಯನ್ನು ಸ್ಥಾಪಿಸಿದನು. ರೋಗವು ನೆಲದ ಮೇಲೆ ನೀರು ಹರಿದಂತೆ ಅಂಚಿನಿಂದ ಅಂಚಿಗೆ ಹರಡುತ್ತದೆಂಬುದು ಅವನ ನಂಬಿಕೆ. ಸ್ಟೀಫನ್ ಪ್ಯಾಜೆಟನು ಅದಕ್ಕೂ ಮೊದಲೇ, ೧೮೮೯ರಲ್ಲಿ, ಬೀಜವು ತನಗೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುವಂತೆ ರೋಗವು ದೂರದ ಅಂಗಗಳಲ್ಲಿ ನೆಲೆಗೊಳ್ಳುತ್ತದೆಂದು ಹೇಳಿದ್ದನಾದರೂ ಆ ಮಾತು ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. ಲಂಡನ್ನಿನ ಪೇಟಿಯು ೧೯೪೮ರಲ್ಲಿ ಎದೆಯ ದೊಡ್ಡ ಸ್ನಾಯುವನ್ನು ಉಳಿಸುವ ಕ್ರಮವನ್ನು ಪ್ರಕಟಿಸಿದನು. ಬರ್ನಾರ್ಡ್ ಫಿಷರನು ೧೯೭೧ರಲ್ಲಿಯೂ ೧೯೭೬ರಲ್ಲಿಯೂ ಆರಂಭಿಸಿದ ಎರಡು ಪ್ರಯೋಗಗಳೂ, ಮಿಲಾನಿನಲ್ಲಿ ವೆರೊನೆಸಿಯು ೧೯೭೩ರಲ್ಲಿ ಆರಂಭಿಸಿದ ಪ್ರಯೋಗವೂ ಹಾಲ್‌ಸ್ಟೆಡನ ಸಿದ್ಧಾಂತವನ್ನು ಕೆಡವಿದವು. ೨೦೦೨ರಲ್ಲಿ ಹೊರಬಂದ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಫಲಿತಾಂಶಗಳ ಪ್ರಕಾರ, ಹೆಚ್ಚು ಕತ್ತರಿಸಿದವರು ಹೆಚ್ಚು ಕಾಲ ಬದುಕಲಿಲ್ಲ.

ಇಷ್ಟನ್ನು ಒಪ್ಪಬೇಕು. ಆದರೆ ಆ ಪ್ರಯೋಗಗಳಿಗೆ ಯಾರನ್ನು ಸೇರಿಸಿಕೊಂಡರು? ಮಿಲಾನಿನ ೭೦೧ ಸ್ತ್ರೀಯರ ಗಡ್ಡೆಗಳು ೨ ಸೆಂಟಿಮೀಟರನ್ನು ಮೀರಿರಲಿಲ್ಲ. ಸ್ತನವನ್ನು ಉಳಿಸಬಹುದೆಂದು ತೋರಿಸಿದ ಫಿಷರನ ಎರಡನೆಯ ಪ್ರಯೋಗದಲ್ಲಿ ಮಿತಿ ೪ ಸೆಂಟಿಮೀಟರು. ಎಂದರೆ, ಸ್ತನಚ್ಛೇದನವು ಬೇಕಿಲ್ಲವೆಂಬ ತೀರ್ಮಾನವು ಗಡ್ಡೆಯನ್ನು ಚಿಕ್ಕದಿರುವಾಗಲೇ ತೋರಿಸಿಕೊಂಡ ಸ್ತ್ರೀಯರ ಮೇಲೆ ನಿಂತಿದೆ. ಶಾಸನವೊಂದನ್ನು ಓದುವಾಗ ಅದು ಎಲ್ಲಿ ನೆಟ್ಟಿತ್ತು, ಯಾರ ಭೂಮಿಗೆ ಸಂಬಂಧಪಟ್ಟದ್ದು ಎಂದು ಮೊದಲು ವಿಚಾರಿಸುತ್ತೇವೆ. ವೈದ್ಯಕೀಯದ ಪ್ರಯೋಗಗಳಿಗೂ ಇಂತಹ ಸ್ಥಳನಿರ್ದೇಶವುಂಟು. ಅದನ್ನು ಬಿಟ್ಟು ಓದಿದರೆ ಪಾಠ ಕೆಡುತ್ತದೆ.

‘ಅಧಿಕ ಅಪಾಯ’ವೆಂಬ ಮಾತಿಗೂ ಹೀಗೆಯೇ ಒಂದು ಹುಟ್ಟೂರಿದೆ. ಸ್ತನಚ್ಛೇದನವಾದ ಮೇಲೆ ಯಾರಿಗೆ ವಿಕಿರಣ ಚಿಕಿತ್ಸೆ ಅವಶ್ಯವೆಂಬ ಪ್ರಶ್ನೆಗೆ ಬಹುಕಾಲ ಉತ್ತರವಾಗಿ ನಿಂತದ್ದು ಡೆನ್ಮಾರ್ಕಿನ ಪ್ರಯೋಗ. ೧೯೮೨ರಿಂದ ೧೯೮೯ರವರೆಗೆ ಮುಟ್ಟು ನಿಲ್ಲದ ೧೭೦೮ ಸ್ತ್ರೀಯರನ್ನು ಅದಕ್ಕೆ ಸೇರಿಸಿಕೊಂಡರು. ಫಲಿತಾಂಶವು ೧೯೯೭ರಲ್ಲಿ ಪ್ರಕಟವಾಯಿತು. ಕಂಕುಳಿನ ಗ್ರಂಥಿಗಳಲ್ಲಿ ರೋಗವಿರುವುದು, ಗಡ್ಡೆ ೫ ಸೆಂಟಿಮೀಟರಿಗಿಂತ ದೊಡ್ಡದಾಗಿರುವುದು, ಚರ್ಮವನ್ನಾಗಲಿ ಎದೆಯ ಸ್ನಾಯುವಿನ ಪೊರೆಯನ್ನಾಗಲಿ ಹೊಕ್ಕಿರುವುದು, ಈ ಮೂರರಲ್ಲಿ ಒಂದಾದರೂ ಇದ್ದರೆ ಅಲ್ಲಿ ‘ಅಧಿಕ ಅಪಾಯ’. ವಿಕಿರಣ ಪಡೆದವರಲ್ಲಿ ಹತ್ತು ವರ್ಷದ ಕೊನೆಗೆ ಶೇಕಡ ೫೪ ಮಂದಿ ಬದುಕಿದ್ದರು, ಪಡೆಯದವರಲ್ಲಿ ಶೇಕಡ ೪೫. ಎದೆಯ ಮೇಲೆ ಅಥವಾ ಸುತ್ತಿನಲ್ಲಿ ರೋಗ ಮರುಕಳಿಸಿದುದು ಕ್ರಮವಾಗಿ ಶೇಕಡ ೯, ಶೇಕಡ ೩೨. ಈ ಅಂತರ ಅಲ್ಪವಲ್ಲ. ಗಮನಿಸಬೇಕಾದದ್ದೇನೆಂದರೆ, ಈ ಮೂರು ಲಕ್ಷಣಗಳೂ ಗಡ್ಡೆ ಎಷ್ಟು ಮುಂದುವರಿದಿದೆ ಎಂಬುದನ್ನು ಹೇಳತಕ್ಕವು. ಅದು ಎಂತಹ ಗಡ್ಡೆ ಎಂಬುದನ್ನು ಹೇಳುವ ಲಕ್ಷಣಗಳು ಬೇರೆ ಮೂಲದಿಂದ ಬಂದು ಆಮೇಲೆ ಇದೇ ಪಟ್ಟಿಗೆ ಸೇರಿಕೊಂಡವು. ಕೋಶಗಳ ರೂಪವನ್ನು ನೋಡಿ ಒಂದು, ಎರಡು, ಮೂರು ಎಂದು ದರ್ಜೆ ಕೊಡುವ ಕ್ರಮವನ್ನು ಬ್ಲೂಮ್ ಮತ್ತು ರಿಚರ್ಡ್‌ಸನ್ ೧೯೫೭ರಲ್ಲಿ ವ್ಯವಸ್ಥೆಗೊಳಿಸಿದರು. ೧೯೯೧ರಲ್ಲಿ ನಾಟಿಂಗ್‌ಹ್ಯಾಮಿನ ಎಲ್ಸ್‌ಟನ್ ಮತ್ತು ಎಲ್ಲಿಸ್ ಅದನ್ನು ತಿದ್ದಿದರು. ಈಸ್ಟ್ರೋಜನ್ ಗ್ರಾಹಕದ ಶೋಧವು ಎಲ್ವುಡ್ ಜೆನ್ಸನ್ನನದು. ಹರ್-೨ ಎಂಬ ವಂಶವಾಹಿ ಹೆಚ್ಚಾಗಿದ್ದರೆ ಗಡ್ಡೆ ಉಗ್ರವಾದುದೆಂಬುದು ಸ್ಲೇಮನ್ನನ ೧೯೮೭ರ ಲೇಖನದಿಂದ ತಿಳಿಯಿತು. ಗಾತ್ರ ಮತ್ತು ಗ್ರಂಥಿಗಳ ವರ್ಗೀಕರಣವಾದರೋ ಫ್ರಾನ್ಸಿನ ಪಿಯೆರ್ ಡೆನ್ವಾ ೧೯೪೦ರ ದಶಕದಲ್ಲಿ ತೊಡಗಿದ ಕೆಲಸದ ಫಲ.

ಹೀಗೆ ಒಂದೇ ಹಾಳೆಯ ಪೆಥಾಲಜಿ ವರದಿಯಲ್ಲಿ ಎರಡು ಕೈಬರಹಗಳಿವೆ. ಗಾತ್ರ, ಗ್ರಂಥಿಗಳ ಸಂಖ್ಯೆ, ಚರ್ಮದ ಹುಣ್ಣು, ಇವುಗಳಲ್ಲಿ ಕಾಲದ ಕೈಯಿದೆ. ದರ್ಜೆ, ಗ್ರಾಹಕಗಳು, ಹರ್-೨, ಇವುಗಳಲ್ಲಿ ಗಡ್ಡೆಯ ಸ್ವಭಾವದ ಕೈಯಿದೆ. ರಕ್ತನಾಳ ಮತ್ತು ದುಗ್ಧನಾಳಗಳೊಳಗೆ ಕೋಶಗಳು ನುಗ್ಗಿರುವುದು ಎರಡಕ್ಕೂ ನಡುವಣದು. ಗೆರೆ ಎಳೆದಂತೆ ಇವನ್ನು ಬೇರ್ಪಡಿಸಲಾಗದು. ಉಗ್ರವಾದ ಗಡ್ಡೆ ಕೆಲವೇ ತಿಂಗಳಲ್ಲಿ ದೊಡ್ಡದಾಗುತ್ತದೆ, ಸಾಧುವಾದುದು ವರ್ಷಗಟ್ಟಲೆ ಬೆಳೆದು ಅದೇ ಗಾತ್ರಕ್ಕೆ ಬರುತ್ತದೆ. ವರದಿಯ ಮೇಲೆ ಇಬ್ಬರಿಗೂ ‘೭ ಸೆಂಟಿಮೀಟರು’ ಎಂದೇ ಇರುತ್ತದೆ. ಆದ್ದರಿಂದಲೇ ಈ ಎರಡು ಕೈಗಳನ್ನು ಒಂದೇ ‘ಲಕ್ಷಣಗಳ ಸಂಖ್ಯೆ’ಯಾಗಿ ಕೂಡಿಸಿ, ಸ್ತನಚ್ಛೇದನಕ್ಕೆ ಬಂದ ನಮ್ಮ ಸ್ತ್ರೀಯರ ರೋಗವೇ ಹೆಚ್ಚು ಉಗ್ರವಾದುದೆಂದು ತೀರ್ಮಾನಿಸುವ ಅಧ್ಯಯನಗಳನ್ನು ನಾನು ಒಪ್ಪಲಾರೆ. ಒಡೆದ ವೀರಗಲ್ಲನ್ನು ಕಂಡು ಶಿಲ್ಪಿಗೆ ಕೆಲಸ ಬರುತ್ತಿರಲಿಲ್ಲವೆಂದು ಹೇಳಿದಂತಾಗುತ್ತದೆ.

ಗ್ರಂಥಿಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಆಕರವಿಮರ್ಶೆಗೆ ಇದರಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ವರದಿಯಲ್ಲಿ ‘೪/೧೫’ ಎಂದು ಬರೆದಿದ್ದರೆ, ಹದಿನೈದು ಗ್ರಂಥಿಗಳನ್ನು ಪರೀಕ್ಷಿಸಿದರು, ನಾಲ್ಕರಲ್ಲಿ ರೋಗವಿತ್ತು ಎಂದರ್ಥ. ಮೇಲಿನ ಅಂಕಿಯನ್ನು ಎಲ್ಲರೂ ನೋಡುತ್ತಾರೆ. ಕೆಳಗಿನದನ್ನು ನೋಡುವವರು ಕಡಮೆ. ಕೆಳಗಿನ ಅಂಕಿಯು ರೋಗಿಯ ಶರೀರದ ಗುಣವಲ್ಲ. ಶಸ್ತ್ರವೈದ್ಯರು ಕಂಕುಳಿನ ಕೊಬ್ಬನ್ನು ಎಷ್ಟು ಆಳದವರೆಗೆ ತೆಗೆದರು, ಆ ಕೊಬ್ಬಿನ ಗಂಟಿನೊಳಗೆ ಕಾಳಿನಷ್ಟು ಚಿಕ್ಕ ಗ್ರಂಥಿಗಳನ್ನು ಪೆಥಾಲಜಿ ವಿಭಾಗದವರು ಬೆರಳಿನಿಂದ ಎಷ್ಟು ಸಾವಧಾನವಾಗಿ ಹುಡುಕಿದರು ಎಂಬುದರ ಮೇಲೆ ಅದು ನಿಂತಿದೆ. ಕನಿಷ್ಠ ಹತ್ತು ಗ್ರಂಥಿಗಳಾದರೂ ಇರಬೇಕೆಂಬುದು ರೂಢಿಯ ಮಾನದಂಡ. ಆರನ್ನು ಹುಡುಕಿ ಮೂರರಲ್ಲಿ ರೋಗ ಕಂಡವಳಿಗೂ ಇಪ್ಪತ್ತನ್ನು ಹುಡುಕಿ ಮೂರರಲ್ಲಿ ಕಂಡವಳಿಗೂ ‘ಮೂರು’ ಎಂಬ ಶಬ್ದ ಒಂದೇ. ಅರ್ಥ ಒಂದೇ ಅಲ್ಲ. ಮೇಲೆ ಹೇಳಿದ ಡೆನ್ಮಾರ್ಕಿನ ಪ್ರಯೋಗದ ಮೇಲೆಯೇ ಈ ಆಕ್ಷೇಪಣೆ ಬಂದಿತು. ಅಲ್ಲಿ ತೆಗೆದ ಗ್ರಂಥಿಗಳ ಮಧ್ಯಾಂಕ ಏಳು ಮಾತ್ರ. ಶಸ್ತ್ರಕ್ರಿಯೆ ಅರೆಯಾಗಿ ಉಳಿದುದರಿಂದಲೇ ವಿಕಿರಣಕ್ಕೆ ಅಷ್ಟು ಕೀರ್ತಿ ಬಂದಿತೆಂದು ಅನೇಕರು ವಾದಿಸಿದರು. ೨೨ ಪ್ರಯೋಗಗಳ ೮೧೩೫ ಸ್ತ್ರೀಯರ ವಿವರಗಳನ್ನು ಕೂಡಿಸಿ ೨೦೧೪ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ಕಂಕುಳನ್ನು ಚೆನ್ನಾಗಿ ಬಿಡಿಸಿದವರಲ್ಲಿಯೂ, ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದರೆ ವಿಕಿರಣದಿಂದ ಪ್ರಯೋಜನವುಂಟೆಂದು ತೋರಿಸಿತು. ಆದರೆ ಆ ಪ್ರಯೋಗಗಳೆಲ್ಲ ೧೯೬೪ರಿಂದ ೧೯೮೬ರ ಒಳಗೆ ಆರಂಭವಾದವು; ಆ ಕಾಲದ ಔಷಧಗಳು ಇಂದಿನವಲ್ಲ. ಇದಕ್ಕೆ ಪ್ರತಿಯಾಗಿ ೨೦೨೪ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋ ಸಮ್ಮೇಳನದಲ್ಲಿ ತಿಳಿಸಿದ ‘ಸುಪ್ರೀಮೊ’ ಎಂಬ ಪ್ರಯೋಗವು, ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದವರಲ್ಲಿಯೂ, ಗ್ರಂಥಿಗಳು ಸ್ವಚ್ಛವಾಗಿದ್ದು ಮೂರನೆಯ ದರ್ಜೆ ಅಥವಾ ನಾಳಪ್ರವೇಶ ಮುಂತಾದ ಲಕ್ಷಣಗಳಿದ್ದವರಲ್ಲಿಯೂ, ಹತ್ತು ವರ್ಷಗಳ ಉಳಿವಿನಲ್ಲಿ ವಿಕಿರಣದಿಂದ ಹೆಚ್ಚಳವನ್ನು ಕಾಣಲಿಲ್ಲ. ಅದೇ ಲಕ್ಷಣ, ಅದೇ ಹೆಸರು; ಮೂವತ್ತು ವರ್ಷಗಳಲ್ಲಿ ಅದು ಸೂಚಿಸುವ ಅಪಾಯದ ಪ್ರಮಾಣ ಬೇರೆಯಾಯಿತು. ಅಪಾಯವು ಗಡ್ಡೆಯೊಳಗೆ ಕುಳಿತ ವಸ್ತುವಲ್ಲ. ಗಡ್ಡೆ, ಶಸ್ತ್ರ, ಔಷಧ, ಅವಧಿ ಇವುಗಳ ಸಂಬಂಧದಿಂದ ಹುಟ್ಟುವ ಒಂದು ಎಣಿಕೆ.

ಇನ್ನು ನಮ್ಮ ಕಡೆಯ ವಿಷಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಚರಿತ್ರೆಯನ್ನು ಬರೆಯುವವನಿಗೆ ೧೮೯೮ರ ರೈಸರ ಶಾಸನಸಂಪುಟ ಕೈಗೆ ಸಿಗುತ್ತದೆ. ಆದರೆ ಅದೇ ನೆಲದ ಸ್ತ್ರೀಯರ ರೋಗಚರಿತ್ರೆಯನ್ನು ಬರೆಯಹೊರಟರೆ ಆಕರಗಳು ಬೇರೆಲ್ಲೋ ಇವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು ಮುಂಬಯಿ, ಮದರಾಸುಗಳ ಜೊತೆಯಲ್ಲಿ ೧೯೮೨ರಿಂದ ನಡೆದು ಬಂದಿದೆ. ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಸ್ತ್ರೀಯರಲ್ಲಿ ಗರ್ಭಕೊರಳಿನ ಕ್ಯಾನ್ಸರು ಮುಂದಿದ್ದು, ತರುವಾಯ ಸ್ತನದ ಕ್ಯಾನ್ಸರು ಅದನ್ನು ಹಿಂದಿಕ್ಕಿತೆಂಬುದು ಆ ನೋಂದಣಿಯಿಂದ ತಿಳಿದುಬಂದ ವಿಷಯ. ಆದರೆ ಆ ನೋಂದಣಿಯು ಎಣಿಸುವುದು ನಗರದ ನಿವಾಸಿಗಳನ್ನು. ಬೆಟ್ಟದಪುರದಿಂದ ಹೋಗಿ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವಳು ಆಸ್ಪತ್ರೆಯ ದಾಖಲೆಯಲ್ಲಿ ಇರುತ್ತಾಳೆ, ಆ ಎಣಿಕೆಯಲ್ಲಿ ಇರುವುದಿಲ್ಲ. ದೇಶದ ಆಸ್ಪತ್ರೆಗಳ ದಾಖಲೆಗಳನ್ನು ಒಟ್ಟುಗೂಡಿಸಿದ ೨೦೨೦ರ ರಾಷ್ಟ್ರೀಯ ವರದಿಯಲ್ಲಿ, ಸ್ತನದ ಕ್ಯಾನ್ಸರಿನ ರೋಗಿಗಳಲ್ಲಿ ಶೇಕಡ ೫೭ರಷ್ಟು ಮಂದಿಯ ರೋಗವು ಪತ್ತೆಯಾಗುವ ವೇಳೆಗೆ ಸುತ್ತಿನ ಭಾಗಗಳಿಗೆ ಹರಡಿತ್ತೆಂದು ಉಕ್ತವಾಗಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ೩೦ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಒಮ್ಮೆಯಾದರೂ ಸ್ತನಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಮೆ, ಶೇಕಡ ೦.೯. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೂ ‘೫ ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ’ಯನ್ನು ಕೇವಲ ಗಡ್ಡೆಯ ಗುಣವೆಂದು ಬರೆಯುವುದು ಹೇಗೆ?

ವಿಳಂಬಕ್ಕೆ ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ನಗರದವರ ವಾಡಿಕೆ. ಈ ಸೀಮೆಯ ವರ್ಷ ಹೇಗೆ ನಡೆಯುತ್ತದೆಂದು ತಿಳಿದವರು ಹಾಗೆ ಹೇಳಲಾರರು. ಇದು ವರ್ಜಿನಿಯ ಹೊಗೆಸೊಪ್ಪಿನ ನಾಡು. ಮುಂಗಾರಿನ ನಾಟಿಯಾಗಿ ಆಷಾಢ, ಶ್ರಾವಣಗಳಲ್ಲಿ ಬ್ಯಾರನ್‌ಗಳಿಗೆ ಬೆಂಕಿ ಹೊತ್ತಿದರೆ, ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಹಗಲುರಾತ್ರಿ ಉರಿ ಕಾಯುವುದು ಮಾರಾಟದ ಕಾಲದವರೆಗೆ ಬಿಡುವಿಲ್ಲದೆ ನಡೆಯುತ್ತದೆ. ಸೊಪ್ಪು ಕಟ್ಟುವವರು ಬಹುಮಟ್ಟಿಗೆ ಹೆಂಗಸರು. (ಹೊಗೆಸೊಪ್ಪಿನ ಕೆಲಸವೇ ಈ ರೋಗಕ್ಕೆ ಕಾರಣವೆಂದು ಯಾರೂ ಇದರಿಂದ ಊಹಿಸಬಾರದು, ಇಲ್ಲಿ ಹೇಳುತ್ತಿರುವುದು ಕೆಲಸದ ಕಾಲವನ್ನು ಮಾತ್ರ.) ಸ್ತನದ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ ಗಂಟಿಗಾಗಿ ಬ್ಯಾರನ್ ಉರಿಯುತ್ತಿರುವಾಗ ಮೈಸೂರಿಗೆ ಹೋಗಿಬರುವವರು ಯಾರು? ಆಷಾಢದಲ್ಲಿ ಬೆರಳಿಗೆ ಸಿಕ್ಕಿದುದು ದೀಪಾವಳಿ ಕಳೆದ ಮೇಲೆ ಮಗಳಿಗೋ ಸೊಸೆಗೋ ತಿ‍ಳಿದು, ಸಂಕ್ರಾಂತಿಯ ವೇಳೆಗೆ ತಾಲ್ಲೂಕು ಆಸ್ಪತ್ರೆಯನ್ನು ಮುಟ್ಟಿದರೆ ಅದರಲ್ಲಿ ಅಜ್ಞಾನಕ್ಕಿಂತ ಲೆಕ್ಕಾಚಾರವೇ ಹೆಚ್ಚು. ನಾಚಿಕೆಯೂ ಉಂಟು, ಅದು ರಾಣಿಗೂ ಇತ್ತು.

ಕಾಲದ ಕೈಯನ್ನು ಸ್ವಭಾವದ ಕೈಯಿಂದ ಬೇರ್ಪಡಿಸಿ ನೋಡಲು ಸಾಧ್ಯವೇ ಇಲ್ಲವೆಂದು ಹೇಳುವಂತಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಲ್ಲಿ ಆರಂಭಿಸಿ ೨೦೨೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ ಪ್ರಯೋಗವು ಇದಕ್ಕೆ ನಿದರ್ಶನ. ೩೫ರಿಂದ ೬೪ ವಯಸ್ಸಿನ ೧,೫೧,೫೩೮ ಸ್ತ್ರೀಯರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಕೈಯಿಂದ ಮುಟ್ಟಿ ಸ್ತನಪರೀಕ್ಷೆ ಮಾಡಿದರು. ಯಂತ್ರವಿಲ್ಲ, ವೈದ್ಯರಿಲ್ಲ. ಪರೀಕ್ಷೆಗೆ ಒಳಗಾದ ಪಾಲಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಹಂತದ ರೋಗವು ಶೇಕಡ ೩೭, ಇನ್ನೊಂದರಲ್ಲಿ ಶೇಕಡ ೪೭. ಐವತ್ತು ದಾಟಿದವರಲ್ಲಿ ಮರಣಗಳು ಸುಮಾರು ಶೇಕಡ ೩೦ರಷ್ಟು ಇಳಿದವು. ಐವತ್ತಕ್ಕಿಂತ ಕಿರಿಯರಲ್ಲಿ ಅಂತಹ ಇಳಿತ ಸ್ಪಷ್ಟವಾಗಲಿಲ್ಲ. ಎರಡು ಪಾಲಿನವರೂ ಒಂದೇ ನಗರದವರು. ಅವರ ಗಡ್ಡೆಗಳ ಸ್ವಭಾವದಲ್ಲಿ ಭೇದವಿರಲು ಕಾರಣವಿಲ್ಲ. ಶೇಕಡ ಹತ್ತರ ಈ ಅಂತರವು ಕಾಲದ ಬರಹವಲ್ಲದೆ ಬೇರಲ್ಲ. ಕಿರಿಯರಲ್ಲಿ ಕಾಣದೆ ಹೋದ ಪ್ರಯೋಜನದಲ್ಲಿ ಸ್ವಭಾವದ ಕೈಯೂ ಇದ್ದೀತು.

ಸ್ವಭಾವದ ಸಾಕ್ಷ್ಯವೆಂದು ನಾವು ನಂಬುವುದಾದರೂ ಶುದ್ಧವೆ? ಇಲ್ಲಿಯೂ ಎಚ್ಚರ ಬೇಕು. ಈಸ್ಟ್ರೋಜನ್ ಗ್ರಾಹಕದ ಪರೀಕ್ಷೆ ಸರಿಯಾಗಬೇಕಾದರೆ ತೆಗೆದ ಅಂಗಭಾಗವು ಒಂದು ಗಂಟೆಯೊಳಗೆ ಫಾರ್ಮಲಿನ್ ದ್ರಾವಣವನ್ನು ಸೇರಬೇಕು. ಅದರಲ್ಲಿ ಆರು ಗಂಟೆಗೆ ಕಡಮೆಯಿಲ್ಲದೆ, ಎಪ್ಪತ್ತೆರಡು ಗಂಟೆಗೆ ಮೀರದೆ ಇರಬೇಕು ಎಂದು ಅಮೆರಿಕದ ತಜ್ಞಮಂಡಲಿಗಳು ೨೦೧೦ರಲ್ಲಿ ನಿಯಮ ಮಾಡಿರುವರು. ಚಿಕ್ಕ ಊರಿನಲ್ಲಿ ಶಸ್ತ್ರಕ್ರಿಯೆಯಾಗಿ, ಅಂಗಭಾಗವು ಡಬ್ಬಿಯಲ್ಲಿ ಸ್ವಲ್ಪವೇ ದ್ರಾವಣದೊಡನೆ ಬೇರೆ ಊರಿನ ಪ್ರಯೋಗಶಾಲೆಗೆ ಹೋದರೆ, ಇದ್ದ ಗ್ರಾಹಕವೂ ಇಲ್ಲವೆಂದು ಬರುವ ಸಂಭವವುಂಟು. ಆಗ ಗಡ್ಡೆ ‘ಗ್ರಾಹಕರಹಿತ’ವೆಂದು, ಆದ್ದರಿಂದ ಉಗ್ರವೆಂದು ದಾಖಲಾಗುತ್ತದೆ, ಗ್ರಾಹಕವನ್ನು ಆಶ್ರಯಿಸಿ ಕೊಡುವ ಮಾತ್ರೆಯೂ ಆ ಸ್ತ್ರೀಗೆ ತಪ್ಪಿಹೋಗುತ್ತದೆ. ಮೂರೂ ಗ್ರಾಹಕಗಳಿಲ್ಲದ ಗಡ್ಡೆಗಳ ಪ್ರಮಾಣವು ಭಾರತದ ಅಧ್ಯಯನಗಳನ್ನು ಕೂಡಿಸಿದಾಗ ಸುಮಾರು ಮೂರರಲ್ಲೊಂದು ಪಾಲಾಗಿ ಬಂದಿದೆ. ಪಾಶ್ಚಾತ್ಯ ದೇಶಗಳಲ್ಲಿ ಅದು ಇದರ ಅರ್ಧದಷ್ಟು. ಈ ಅಂತರ ಪೂರ್ತಿ ಸುಳ್ಳೆಂದು ನನ್ನ ಮತವಲ್ಲ. ಆದರೆ ಡಬ್ಬಿಯ ಪಾಲು ಎಷ್ಟು, ಗಡ್ಡೆಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸದೆ ‘ನಮ್ಮ ಸ್ತ್ರೀಯರ ರೋಗ ಬೇರೆಯೇ’ ಎಂಬ ಸಿದ್ಧಾಂತವನ್ನು ಕಟ್ಟಬಾರದು. ಮೊದಲೇ ಔಷಧ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಆಮೇಲೆ ಛೇದನ ಮಾಡಿದ ವರದಿಗಳಲ್ಲಿ ಹಂತದ ಸಂಕೇತದ ಹಿಂದೆ ‘ವೈ’ ಎಂಬ ಅಕ್ಷರವಿರುತ್ತದೆ. ಅದನ್ನು ಲಕ್ಷಿಸದೆ ‘೨ ಸೆಂಟಿಮೀಟರು’ ಎಂದು ಎಣಿಸಿಕೊಂಡ ಪಟ್ಟಿಗಳನ್ನೂ ಓದಬೇಕಾಗಿ ಬರುತ್ತದೆ. ಅಳಿಸಿ ಬರೆದ ತಾಮ್ರಪಟವನ್ನು ಮೂಲವೆಂದು ಓದಿದಂತೆ.

ನಮ್ಮ ರೋಗಿಗಳು ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಕಿರಿಯರೆಂಬ ಮಾತೂ ಇದೇ ಜಾತಿಯದು. ಜನಸಂಖ್ಯೆಯಲ್ಲಿ ಕಿರಿಯರೇ ಹೆಚ್ಚಾಗಿರುವ ದೇಶದಲ್ಲಿ ರೋಗಿಗಳ ಸರಾಸರಿ ವಯಸ್ಸು ಕಡಮೆಯಾಗುವುದು ಲೆಕ್ಕದ ವಿಷಯ. ಅದರಲ್ಲಿ ಎಷ್ಟು ರೋಗದ್ದು ಎಂಬುದು ಆಮೇಲಿನ ಪ್ರಶ್ನೆ.

ಸ್ತನಚ್ಛೇದನವೇ ಒಂದು ಲಕ್ಷಣವೆಂಬಂತೆ ಬರೆಯುವವರನ್ನು ಕುರಿತು ಕೊನೆಗೆ ಒಂದು ಮಾತು. ಛೇದನವಾದವರನ್ನು ಒಂದು ಗುಂಪಾಗಿಯೂ ಸ್ತನವುಳಿದವರನ್ನು ಒಂದು ಗುಂಪಾಗಿಯೂ ಹೋಲಿಸಿ, ಮೊದಲಿನವರ ಗಡ್ಡೆ ಉಗ್ರವೆಂದು ತೋರಿಸುವುದು ಸುಲಭ. ಆದರೆ ಈ ಗುಂಪುಗಳನ್ನು ಮಾಡಿದವರು ಯಾರು? ಸ್ತನವನ್ನು ಉಳಿಸಿದರೆ ವಿಕಿರಣ ಸಾಮಾನ್ಯವಾಗಿ ಬೇಕೇ ಬೇಕು. ನಮ್ಮ ಕಡೆಯ ಜನ ಅದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹಿಂದಿನ ಕ್ರಮದಲ್ಲಿ ಅದು ಐದು ವಾರ, ವಾರಕ್ಕೆ ಐದು ದಿನ. ಇಂಗ್ಲೆಂಡಿನ ಪ್ರಯೋಗಗಳ ತರುವಾಯ ಮೂರು ವಾರಗಳಾಯಿತು. ೨೦೨೦ರಲ್ಲಿ ಅಲ್ಲಿಯೇ ಪ್ರಕಟವಾದ ಇನ್ನೊಂದು ಪ್ರಯೋಗವು ಒಂದು ವಾರದ ಐದು ಸಲಗಳೂ ಸಾಕೆಂದು ತೋರಿಸಿತು. ಬೆಟ್ಟದಪುರದವಳಿಗೆ ಅದು ದೊರೆಯುವುದು ಮೈಸೂರಿನಲ್ಲಿ. ೨೦೨೩ರ ಜೂನ್ ೧೧ರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟಿಲ್ಲವಾದರೂ, ಜೊತೆಗೆ ಬರುವ ಗಂಡನಿಗೋ ಮಗನಿಗೋ ಉಂಟು. ಅವನ ಕೂಲಿಯೂ ಹೋಗುತ್ತದೆ. ಹೀಗಿರಲು, ಉಳಿಸಬಹುದಾದ ಸ್ತನವನ್ನೂ ‘ಒಂದೇ ಸಲಕ್ಕೆ ಮುಗಿಯಲಿ’ ಎಂದು ತೆಗೆಸಿಬಿಡುವುದುಂಟು. ಆಮೇಲೆ ವರದಿ ಬಂದು, ಗ್ರಂಥಿಗಳಲ್ಲಿ ರೋಗ ಕಂಡು, ಕರೆಂಟು ಬೇಕೇ ಬೇಕೆಂದು ತೀರ್ಮಾನವಾಗುವುದೂ ಉಂಟು. ಛೇದನವಾದ ಆ ಗುಂಪಿನಲ್ಲಿ ಗಡ್ಡೆಯ ಕಾರಣದಿಂದ ಬಂದವರೂ ದಾರಿಯ ಕಾರಣದಿಂದ ಬಂದವರೂ ಬೆರೆತಿರುತ್ತಾರೆ.

ವೈದ್ಯರು ಇದಕ್ಕೆಲ್ಲ ಒಂದೇ ಮಾತಿನಲ್ಲಿ ಸಮಾಧಾನ ಹೇಳಬಹುದು: ಏಳು ಸೆಂಟಿಮೀಟರು ಹೇಗೆ ಆಯಿತೆಂಬುದರಿಂದ ಏನು, ಆಗಿರುವುದು ಏಳು ಸೆಂಟಿಮೀಟರು, ಅದಕ್ಕೆ ತಕ್ಕ ಚಿಕಿತ್ಸೆ ಕೊಡಬೇಕು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಈ ಮಾತು ಪೂರ್ತಿಯಾಗಿ ಸರಿ. ಅಲ್ಲಿ ಚರಿತ್ರಕಾರನಿಗೆ ಕೆಲಸವಿಲ್ಲ. ಆದರೆ ಅದೇ ಅಂಕಿಗಳು ಲೇಖನವಾಗಿ, ಲೇಖನಗಳು ವರದಿಯಾಗಿ, ವರದಿಗಳು ಹಣವೆಲ್ಲಿ ಖರ್ಚಾಗಬೇಕೆಂಬ ನಿರ್ಣಯವಾಗಿ ಮುಂದುವರಿಯುತ್ತವೆ. ರೋಗದ ಸ್ವಭಾವವೇ ಉಗ್ರವೆಂದರೆ ಬೇಕಾದದ್ದು ರಾಜಧಾನಿಯಲ್ಲಿ ಇನ್ನೂ ಬೆಲೆಯುಳ್ಳ ಔಷಧ. ಕಾಲವೇ ಅದನ್ನು ಉಗ್ರಗೊಳಿಸಿತೆಂದರೆ ಬೇಕಾದದ್ದು ಊರಿನ ಉಪಕೇಂದ್ರದಲ್ಲಿ ಕೈಯಿಂದ ಮುಟ್ಟಿ ನೋಡಬಲ್ಲ ದಾದಿ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಮೂವತ್ತು ದಾಟಿದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಇಂತಹ ಪರೀಕ್ಷೆಯಾಗಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ಅದರ ಮೂರು ವರ್ಷದ ಮೇಲೆ ನಡೆದ ಸಮೀಕ್ಷೆಯಲ್ಲಿಯೇ ಮೇಲೆ ಹೇಳಿದ ೦.೯ ಎಂಬ ಅಂಕಿ ಬಂದದ್ದು.

ಈ ಕೆಲಸದಲ್ಲಿ ಚರಿತ್ರೆಯ ವಿಭಾಗಗಳಿಗೂ ಒಂದು ಪಾಲುಂಟೆಂದು ತೋರುತ್ತದೆ. ಪೆಥಾಲಜಿ ವರದಿಯಲ್ಲಿ ಗಂಟು ಮೊದಲು ಕಂಡ ದಿನಕ್ಕೆ ಸ್ಥಳವಿಲ್ಲ. ವೈದ್ಯರ ಚೀಟಿಯಲ್ಲಿ ಇದ್ದರೂ ‘ಆರು ತಿಂಗಳು’ ಎಂಬಂತಹ ಉಂಡೆಯ ಅಂಕಿ. ಕೇಳುವ ಕ್ರಮದಲ್ಲಿ ಕೇಳಿದರೆ ನಮ್ಮ ಹೆಂಗಸರು ತಿಂಗಳ ಲೆಕ್ಕ ಹೇಳುವುದಿಲ್ಲ. ಜಾತ್ರೆಯ ಹಿಂದೆಯೋ ಮುಂದೆಯೋ, ಎರಡನೆಯ ಬ್ಯಾರನ್ ಇಳಿಸಿದಾಗಲೋ, ಮೊಮ್ಮಗುವಿನ ನಾಮಕರಣಕ್ಕೆ ಮೊದಲೋ ಎಂದು ಹೇಳುತ್ತಾರೆ. ಅಂತಹ ಮಾತನ್ನು ತಾರೀಕಿಗೆ ತಿರುಗಿಸುವುದು ಶಕವರ್ಷ, ತಿಥಿ, ವಾರಗಳನ್ನು ಕ್ರಿಸ್ತಶಕಕ್ಕೆ ಹೊಂದಿಸುವುದಕ್ಕಿಂತ ಕಷ್ಟವಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು, ಅವರ ಒಪ್ಪಿಗೆಯಿಂದ, ಹೆಸರುಗಳನ್ನು ಬಿಟ್ಟು ವಿಚಾರಿಸಿ, ಆ ತಾರೀಕುಗಳನ್ನು ಅವರವರ ವರದಿಯ ಗಾತ್ರ, ದರ್ಜೆ, ಗ್ರಂಥಿಗಳ ಪಕ್ಕದಲ್ಲಿ ಬರೆದಿಟ್ಟರೆ, ಎರಡು ಕೈಬರಹಗಳನ್ನು ಬೇರ್ಪಡಿಸಿ ಓದಲು ಬೇಕಾದ ಮೊದಲ ಪಟ್ಟಿ ಸಿದ್ಧವಾಗುತ್ತದೆ. ಕೇಳಹೋಗುವವರು ಸ್ತ್ರೀಯರಾಗಿರುವುದು ಅವಶ್ಯ. ಹೋಗುವ ಕಾಲ ಸೊಪ್ಪಿನ ಹರಾಜು ಮುಗಿದ ಮೇಲೆ.